ಶುಕ್ರವಾರದ ಎರಡನೇ ಕಾಫಿ

"ಅಳಿಸಬೇಡ!" ಎಂದು ಹೈಥಮ್ ಹೆಂಡತಿಯ ಕೈಯನ್ನೇ ಹಿಡಿದುಬಿಟ್ಟ. ಅವನ ಕ್ರೆಡಿಟ್ ಕಾರ್ಡಿನ ಖರ್ಚನ್ನೆಲ್ಲ ಮನೆಲೆಕ್ಕದ ಸಾಫ್ಟ್‌ವೇರಿಗೆ ಇಳಿಸಲು ರುದೈನಾ ಬೆಳಗಿನಿಂದ ಹೆಣಗುತ್ತಿದ್ದಳು. ಪ್ರತಿ ಶುಕ್ರವಾರವೂ ಅಮ್ಮಾನ್ ನಗರದ ಅದೇ ಕಾಫಿ ಅಂಗಡಿ, ಅದೇ ಮೊತ್ತ, ಎರಡೆರಡು ಸಲ. ಒಂದನ್ನು ಅಳಿಸದೆ ಮುಂದೆ ಹೋಗುವುದಿಲ್ಲವೆಂದು ಸಾಫ್ಟ್‌ವೇರ್ ಹಟ ಹಿಡಿದಿತ್ತು.

"ತಪ್ಪಾಗಿ ಎರಡು ಸಲ ಬಂದಿದೆ ಕಣ್ರೀ."

"ತಪ್ಪಲ್ಲ. ಒಂದು ನಂದು, ಇನ್ನೊಂದು ಮುನೀಫಣ್ಣನ ಕಾಫಿ. ಅವನು ಬರೋಕೆ ಮುಂಚೆ ನಂದು ಕುಡಿದು ಅವನದಕ್ಕೂ ಕೊಟ್ಟು ಬರ್ತೀನಿ." ಹೈಥಮ್ ದನಿ ತಗ್ಗಿಸಿದ. "ನಮಾಜು ಮುಗಿಸಿ ಬಂದು ಮೂಲೆ ಮೇಜಲ್ಲಿ ಕೂರ್ತಾನೆ. ದುಡ್ಡು ನಂದು ಅಂತ ಗೊತ್ತಾದ್ರೆ ಮುಟ್ಟೋದೇ ಇಲ್ಲ. ಅದಕ್ಕೇ ಅಂಗಡಿ ಕಡೆಯಿಂದ ಅಂತ ಹೇಳಿಸಿದೀನಿ."

ಅಪ್ಪನ ಮನೆ ಮಾರಿದ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ರುದೈನಾಗೆ ನಗು ಬಂತು.

"ಎರಡು ವರ್ಷ ಯಾವ ಅಂಗಡಿಯವನು ಪುಕ್ಕಟೆ ಕುಡಿಸ್ತಾನ್ರೀ? ನಿಮ್ಮಣ್ಣ ಅಷ್ಟು ದಡ್ಡರಾ? ಎಲ್ಲಾ ಗೊತ್ತಿದ್ದೇ ಬಂದು ಕುಡೀತಿದಾರೆ."

ಹೈಥಮ್‌ಗೆ ಇದು ಹೊಳೆದೇ ಇರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡ. ಅಂದೂ ಶುಕ್ರವಾರವೇ.

"ಊಟಕ್ಕೆ ಒಬ್ಬರಿಗೆ ಜಾಸ್ತಿ ಮಾಡಿರು" ಎಂದು ಬಾಗಿಲು ತೆರೆದ.