ಕರೆದದ್ದು ಯಾರನ್ನು

ಸರಿರಾತ್ರಿಯಲ್ಲಿ ಯಾರೋ ಮೆಲ್ಲಗೆ ತನ್ನ ಹೆಸರು ಹಿಡಿದು ಕರೆದಂತಾಗಿ ಅಜ್ಜಿಗೆ ಎಚ್ಚರವಾಯಿತು. ಅವಳನ್ನು ಹಾಗೆ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಆಟಕ್ಕೆ ಕರೆಯಲು ಚಿಕ್ಕಂದಿನ ಗೆಳತಿ ಬಂದು ನಿಂತಿದ್ದಾಳೆ ಎಂದುಕೊಂಡೇ ಎದ್ದು, ನಿದ್ದೆಗಣ್ಣಲ್ಲಿ ಮಗಳ ಕೋಣೆಯ ಬಾಗಿಲವರೆಗೆ ನಡೆದಳು.

ಅವಳ ಕಾಲದಲ್ಲಿ ಆ ಹೆಸರಿನವರು ಒಂದೇ ತರಗತಿಯಲ್ಲಿ ನಾಲ್ವರಿದ್ದರು. ಟೀಚರ್ ಕೂಗಿದರೆ ನಾಲ್ಕೂ ಜಡೆಗಳು ಒಟ್ಟಿಗೆ ತಿರುಗುತ್ತಿದ್ದವು. ಮೊನ್ನೆ ಮೊಮ್ಮಗಳಿಗೆ ಅದನ್ನೇ ಇಡೋಣವೇ ಎಂದು ಕೇಳಿದ್ದಕ್ಕೆ ಮಗಳು ನಕ್ಕುಬಿಟ್ಟಿದ್ದಳು. "ಅಯ್ಯೋ ಅಮ್ಮಾ, ಈ ಹಾಲುಗಲ್ಲದ ಮಗೂಗೆ ಆ ಹೆಸರಾ? ಹುಟ್ಟುತ್ಲೇ ಕನ್ನಡಕ ಹಾಕ್ಕೊಂಡು ಬಂದ ಹಾಗಿರತ್ತೆ!" ಅಜ್ಜಿಯೂ ನಕ್ಕಿದ್ದಳು. ಆಮೇಲೆ, ಆ ಹೆಸರು ತನ್ನ ಜೊತೆಗೇ ಮುಗಿಯುತ್ತದೆ ಎನ್ನಿಸಿ ಊಟ ಸೇರಿರಲಿಲ್ಲ.

ಅರೆತೆರೆದ ಬಾಗಿಲಿನಾಚೆ, ಮಂದ ಬೆಳಕಿನಲ್ಲಿ ಮಗಳು ಮಗುವಿನ ಕಿವಿಯಲ್ಲಿ ಆ ಹೆಸರನ್ನು ಇನ್ನೊಮ್ಮೆ ಉಸುರಿದಳು. ಹೊಸ ಅಂಗಿಯ ಅಳತೆ ನೋಡುವವಳಂತೆ ಮಗುವನ್ನು ಚೂರು ದೂರ ಹಿಡಿದು ಮುಖ ನೋಡಿದಳು. "ಒಪ್ಪುತ್ತೇನೇ ನಿಂಗೆ? ನಿಮ್ಮಜ್ಜಿಗೆ ಹೇಳ್ಬೇಡ ಮತ್ತೆ. ನಾನಿನ್ನೂ ಯೋಚಿಸ್ತಿದೀನಿ."

"ಬಂದೆ" ಎನ್ನಲು ತೆರೆದಿದ್ದ ಬಾಯಿಯನ್ನು ಅಜ್ಜಿ ಅಂಗೈಯಿಂದ ಮುಚ್ಚಿಕೊಂಡಳು. ಗೋಡೆ ಸವರುತ್ತ, ನೀರಿನಲ್ಲಿ ನಡೆಯುವವಳ ಹಾಗೆ ಹಾಸಿಗೆಗೆ ಮರಳಿದಳು. ಮಗಳು ನಾಳೆ ಯಾವ ಹೆಸರನ್ನಾದರೂ ಹೇಳಲಿ, ತಾನು ಕೇಳಿಸಿಕೊಂಡದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲವೆಂದುಕೊಂಡು ಹೊದಿಕೆ ಎಳೆದುಕೊಂಡಳು.