ಮೂರನೇ ನೀರು

“ಒಂದ್ನಿಮಿಷ ಇರಿ ಅಣ್ಣ.”

ರೇಡಿಯೇಟರಿನ ತಳದ ತಿರುಪಿಗೆ ಕೈಹಾಕಿದ್ದ ಸೋಮನಾಥ ಕಾರಿನಡಿಯಿಂದಲೇ ತಲೆ ಹೊರಳಿಸಿದ. ತನ್ಮಯಿ ಹೀಗೆ ತಡೆದದ್ದು ಇದು ಎರಡನೆಯ ಸಲ. “ಮೇಡಂ, ಟೆಂಪರೇಚರ್ ಮುಳ್ಳು ದಿನಾ ಮೇಲೇ ಹೋಗ್ತಿದೆ ಅಂತ ನೀವೇ ಹೇಳಿದ್ರಿ. ಇನ್ನೊಂದ್ ವಾರ ಬಿಟ್ರೆ ಎಂಜಿನ್ ಹಿಡ್ಕೊಳತ್ತೆ. ಆಮೇಲೆ ನಿಮ್ ತಂದೆ ಕಾರನ್ನ ಗುಜರಿಗೆ ಹಾಕ್ಬೇಕಷ್ಟೆ.”

ತಾಯಿ ಸರಸ್ವತಿ ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತಿರುಪು ಸಡಿಲವಾಯಿತು. ಬಕೆಟ್ಟಿಗೆ ಡಿಕಾಕ್ಷನ್ನಿನಂಥ ಕಂದು ನೀರು ಇಳಿಯಿತು. ಸೋಮನಾಥ ಬೆರಳದ್ದಿ ಉಜ್ಜಿ ನೋಡಿದ.

“ಕೂಲೆಂಟ್ ಹೆಸರಿಗೂ ಇಲ್ಲ. ಬರೀ ತುಕ್ಕು, ಮರಳು! ಯಾವ ನೀರು ಹಾಕಿದ್ರಿ, ಬೋರ್‌ವೆಲ್ದಾ?”

“ಅಲ್ಲ, ಕಾವೇರಿ.”

“ಸುಮ್ನಿರಿ ಮೇಡಂ. ನಲ್ಲೀಲಿ ಬರೋ ಕಾವೇರೀಲಿ ಇಷ್ಟು ಮರಳು ಎಲ್ಲಿರತ್ತೆ?”

ಅದು ನಲ್ಲಿಯ ಕಾವೇರಿಯಲ್ಲ. ಎಂಟು ತಿಂಗಳ ಹಿಂದೆ, ಅಪ್ಪ ಬದರಿನಾಥರ ಅಸ್ಥಿಯನ್ನು ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಟ್ಟ ದಿನ, ಹಿಂತಿರುಗಿ ನೋಡದೆ ಹೊರಡಿ ಎಂದು ಪುರೋಹಿತರು ಎಲ್ಲರಿಗೂ ಹೇಳಿದ್ದರು. ಅಜ್ಜಿಯ ಕಥೆಗಳಲ್ಲೂ ಹಾಗೇ. ತಿರುಗಿ ನೋಡಿದವರ ಬೆನ್ನಿಗೆ ಸತ್ತವರು ನಡೆದು ಬರುತ್ತಾರೆ. ಆಮೇಲೆ ಅವರಿಗೆ ಅತ್ತ ನದಿಯೂ ಇಲ್ಲ, ಇತ್ತ ಮನೆಯೂ ಇಲ್ಲ. ದಾರಿಯಲ್ಲೇ ಕುದಿದು ಬಂದಿದ್ದ ಕಾರು ಅಂದು ನೀರು ಕೇಳುತ್ತಿತ್ತು. ಎದುರಿನ ಅಂಗಡಿಯಲ್ಲಿ ಬಾಟಲಿ ನೀರಿತ್ತು. ತನ್ಮಯಿ ಮಾತ್ರ ಕ್ಯಾನು ಹಿಡಿದು ಮತ್ತೆ ಮೆಟ್ಟಿಲಿಳಿದಳು. ಬೂದಿ ಇನ್ನೂ ನೀರಿನ ಮೇಲೆ ಸುತ್ತುತ್ತಿತ್ತು. ಅಲ್ಲೇ ಮುಳುಗಿಸಿ ತುಂಬಿಕೊಂಡಳು. ಅಂದಿನಿಂದ ಕೀಲಿ ತಿರುಗಿಸಿದಾಗಲೆಲ್ಲ, ಯಾರಿಗೂ ಕೇಳದಂತೆ, “ಅಪ್ಪಾ, ಹೊರಡೋಣ್ವಾ?” ಅನ್ನುತ್ತಿದ್ದಳು.

ಸೋಮನಾಥ ಬಕೆಟ್ಟೆತ್ತಿ ಮೋರಿಯ ಕಡೆ ಹೊರಟ.

“ಅಲ್ಲಿ ಬೇಡ!”

“ಮತ್ತೆಲ್ಲಿ ಮೇಡಂ? ಗಿಡಕ್ಕೆ ಹುಯ್ದ್ರೆ ಗಿಡ ಸಾಯತ್ತೆ.”

“ನೀನು ಚೆಲ್ಲಪ್ಪ,” ಎಂದು ಸರಸ್ವತಿ ಎದ್ದರು. ಮಗಳ ಹತ್ತಿರ ಬಂದು ದನಿ ತಗ್ಗಿಸಿದರು. “ಅವತ್ತು ನಾನು ತಿರುಗಿ ನೋಡ್ಲಿಲ್ಲ ಕಣೆ. ಆದ್ರೆ ನೀನು ಬಂದು ಕೂತಾಗ ಚೂಡಿದಾರ ಮೊಣಕಾಲುವರ್ಗೂ ಒದ್ದೆಯಾಗಿತ್ತು.”

“ಗೊತ್ತಿದ್ದೂ ಸುಮ್ನಿದ್ಯಾ ಅಮ್ಮ?”

“ನಂಗೂ ಅವರು ಜೊತೇಲಿರ್ಲಿ ಅನ್ನಿಸ್ತು.” ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. “ಸೆಖೆ ಅಂದ್ರೆ ಆಗ್ತಿರ್ಲಿಲ್ಲ ನಿಮ್ಮಪ್ಪಂಗೆ. ಕಾಫೀನೂ ಆರಿಸ್ಕೊಂಡು ಕುಡೀತಿದ್ರು. ಅವರನ್ನ ದಿನಾ ಕುದಿಸ್ತಿದೀಯಲ್ಲೇ, ತಾಯಿ.”

ಬಕೆಟ್ಟು ಮೋರಿಗೆ ಬಗ್ಗಿತು. ತನ್ಮಯಿ ತಡೆಯಲಿಲ್ಲ.

ಸೋಮನಾಥ ನಲ್ಲಿಯ ಪೈಪು ಹಿಡಿದು ಹೊಸ ನೀರು ತುಂಬಿದ, ಎಂಜಿನ್ ಓಡಿಸಿದ, ಆರಲು ಬಿಟ್ಟು ಇಳಿಸಿದ. ಅದು ಚಹಾದ ಬಣ್ಣಕ್ಕಿತ್ತು. “ತಿಳಿ ಬರೋವರ್ಗೂ ಬಿಡ್ಬಾರ್ದು ಮೇಡಂ,” ಎಂದು ಮತ್ತೆ ಪೈಪು ಎತ್ತಿದಾಗ ಸರಸ್ವತಿ ಅದನ್ನು ಇಸಿದುಕೊಂಡು ಮಗಳ ಕೈಗೆ ಕೊಟ್ಟರು. ತನ್ಮಯಿ ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬಿಟ್ಟಳು. ಅದೂ ಓಡಿ, ಆರಿ ಇಳಿದಾಗ ಬಕೆಟ್ಟಿನ ತಳದ ಗೀರುಗಳೂ ಕಾಣುತ್ತಿದ್ದವು. ಆಮೇಲೆ ಹಸಿರು ಕೂಲೆಂಟ್ ತುಂಬಿ ಸೋಮನಾಥ ಮುಚ್ಚಳ ಬಿಗಿದ.

ತನ್ಮಯಿ ಕೀಲಿ ತಿರುಗಿಸಿದಳು. “ಅಪ್ಪಾ” ಎನ್ನಲು ತೆರೆದ ತುಟಿ ಮುಚ್ಚಿಕೊಂಡು ಗೇರು ಹಾಕಿದಳು. ಕಾರು ಜರಗನಹಳ್ಳಿಯ ಓಣಿಗಿಳಿಯುತ್ತಿದ್ದಂತೆ ಅವಳ ಕಣ್ಣು ತಾನಾಗಿ ಮೇಲಿನ ಕನ್ನಡಿಗೆ ಹೋಯಿತು. ಅಲ್ಲಿ ಗ್ಯಾರೇಜೂ ಇರಲಿಲ್ಲ, ಮೋರಿಯೂ ಇರಲಿಲ್ಲ. ಸರಸ್ವತಿ ಆಗಲೇ ಕೈಚಾಚಿ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿಬಿಟ್ಟಿದ್ದರು.

“ಕನಕಪುರ ರಸ್ತೆ ಸೇರೋವರ್ಗೂ,” ಎಂದರು, “ಮುಂದೆ ನೋಡ್ಕೊಂಡು ಹೋಗು.”