ಕಾಲು ಲೀಟರ್ ಪೆಟ್ರೋಲ್

ಪೆಟ್ರೋಲ್ ಬಂಕುಗಳೆಲ್ಲ ಮುಚ್ಚಿದ ಮೇಲೆ, ಹಳೆಯ ಬೈಕ್ ಇಟ್ಟುಕೊಂಡವರಿಗೆ ಸರ್ಕಾರ ವರ್ಷಕ್ಕೆ ಕಾಲು ಲೀಟರ್ ಪೆಟ್ರೋಲ್ ಕೊಡುತ್ತದೆ. ಗದಗಿನಲ್ಲಿ ಅಂಥವರು ಹನ್ನೊಂದು ಜನ. ಯುಗಾದಿಯ ದಿನ ಎಲ್ಲರೂ ಮೈದಾನದಲ್ಲಿ ಸೇರಿ ಒಟ್ಟಿಗೆ ಇಂಜಿನ್ ಚಾಲೂ ಮಾಡುತ್ತಾರೆ. ಉಳಿದ ದಿನಗಳಲ್ಲಿ ಊರಿನ ರಸ್ತೆಗಳಲ್ಲಿ ಇಂಜಿನ್ನಿನ ಸದ್ದೇ ಇಲ್ಲ. ಓಡುವುದೆಲ್ಲ ಬ್ಯಾಟರಿ ಗಾಡಿಗಳು.

ಈ ಸಲ ಶಕುಂತಲಾ ಹಡಪದ ಯುಗಾದಿಯವರೆಗೆ ಕಾಯಲಿಲ್ಲ. ತನ್ನ ಬೈಕನ್ನು ಮೂರು ಕಿಲೋಮೀಟರ್ ತಳ್ಳಿಕೊಂಡು ಬಾಬುಸಾಬರ ಮನೆಗೆ ಬಂದಳು. ತುಕ್ಕು ಹಿಡಿದು ಬಿದ್ದಿದ್ದ ಆ ಬೈಕನ್ನು ಬಿಚ್ಚಿ ಜೋಡಿಸುವುದನ್ನು ಅವಳಿಗೆ ಕಲಿಸಿದವರು ಅವರೇ. ಪಾರ್ಶ್ವವಾಯು ಬಡಿದು ಅವರ ಮಾತು ನಿಂತು ತಿಂಗಳಾಗಿತ್ತು.

“ನಿನ್ನ ಪಾಲಿನ ಪೆಟ್ರೋಲ್ ಇಲ್ಲೇ ಸುಡ್ತಿಯೇನವಾ? ಹಬ್ಬಕ್ಕ ಏನ್ ಮಾಡ್ತಿ?” ಎಂದರು ಅವರ ಹೆಂಡತಿ ಮಾಬೂಬಿ.

“ಮೈದಾನಕ್ಕ ಕಾಕಾರು ಬರಂಗಿಲ್ಲಲ್ಲ, ಕಾಕು.”

ಅಂಗಳದಲ್ಲಿ ಅವರ ಮಂಚದ ಪಕ್ಕ ಬೈಕ್ ನಿಲ್ಲಿಸಿ ಕಿಕ್ ಹೊಡೆದಳು. ಮೂರನೆಯ ಸಲಕ್ಕೆ ಇಂಜಿನ್ ಚಾಲೂ ಆಯಿತು. ಬಾಬುಸಾಬ್ ಕಣ್ಣು ಮುಚ್ಚಿ ಕೇಳಿದರು, ಹುಬ್ಬು ಗಂಟಿಕ್ಕಿದರು. ಆಮೇಲೆ ಇನ್ನೂ ಆಡುತ್ತಿದ್ದ ಎಡಗೈಯೊಂದನ್ನು ಎತ್ತಿ, ಬೆರಳುಗಳನ್ನು ಒಂದಿಷ್ಟೇ ತಿರುಗಿಸಿ ತೋರಿಸಿದರು. ಶಕುಂತಲಾ ಕಾರ್ಬ್ಯುರೇಟರ್ ಸ್ಕ್ರೂವನ್ನು ಅಷ್ಟೇ ತಿರುಗಿಸಿದಳು. ತಡವರಿಸುತ್ತಿದ್ದ ಸದ್ದು ಒಂದೇ ಹದಕ್ಕೆ ಬಂತು. ಅವರ ಹುಬ್ಬು ಸಡಿಲಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವರು ಸಾಕು, ಬಂದ್ ಮಾಡು, ಹಬ್ಬಕ್ಕೆ ಉಳಿಸಿಕೋ ಎಂಬಂತೆ ಕೈ ಬೀಸಿದರು. ಅವಳು ಆ ಕೈಯನ್ನು ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಳು. ಕೊನೆಯ ಹನಿ ತೀರಿ ಇಂಜಿನ್ ತಾನಾಗಿ ನಿಲ್ಲುವವರೆಗೂ ಬಿಡಲಿಲ್ಲ.